ಕಾಮಾ ಹಾಕಿ ತುಂಬಿದ ಕಾಲಂ: ಕ್ವೆರಿ ತಪ್ಪು ಉತ್ತರ ಕೊಟ್ಟಾಗ ಎಲ್ಲಿ ಹುಡುಕಬೇಕು

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ: "ಈ ಲೇಖನಕ್ಕೆ 7ನೇ ವಿಷಯ ಹಾಕಿದ್ದೇನೆ, ತೆರೆದು ನೋಡಿದರೆ ಇದೆ, ಪಟ್ಟಿಯಲ್ಲಿ ಮಾತ್ರ ಬರುತ್ತಿಲ್ಲ." ಎರರ್ ಇಲ್ಲ, ಲಾಗ್ ಖಾಲಿ. ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡುತ್ತದೆ, ಉತ್ತರವನ್ನೂ ಕೊಡುತ್ತದೆ, ಆ ಉತ್ತರವೇ ತಪ್ಪು. ಒಂದೇ ಕಾಲಂನಲ್ಲಿ ಕಾಮಾ ಹಾಕಿ ಹಲವು ಮೌಲ್ಯ ತುಂಬಿದ ಟೇಬಲ್ಲುಗಳ ಜೊತೆ ಕೆಲಸ ಮಾಡಿದವರಿಗೆ ಇದು ಹಳೇ ಪರಿಚಯ. ಎರರ್ ಕೊಟ್ಟು ನಿಲ್ಲುವ ಕ್ವೆರಿಯನ್ನು ಅರ್ಧ ಗಂಟೆಯಲ್ಲಿ ಸರಿಮಾಡಬಹುದು. ನಗುತ್ತಾ ತಪ್ಪು ಲೆಕ್ಕ ಒಪ್ಪಿಸುವ ಕ್ವೆರಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂದಿನದೆಲ್ಲಕ್ಕೂ ಈ ಆರು ಸಾಲುಗಳನ್ನೇ ಇಟ್ಟುಕೊಳ್ಳೋಣ. ಟೇಬಲ್ಲಿನ ಹೆಸರು ಲೇಖನ, ಕಾಲಂನ ಹೆಸರು ವಿಷಯ_ಪಟ್ಟಿ. ಎಡಕ್ಕಿರುವುದು ಲೇಖನದ ಐಡಿ, ಬಲಕ್ಕೆ ಅದರ ವಿಷಯಗಳ ಐಡಿಗಳು. ನಲ್ ಎಂದರೆ ಮೌಲ್ಯವೇ ಇಲ್ಲ. (ಕ್ವೆರಿಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಿಮ್ಮ ಪರದೆಯಲ್ಲಿ ಎಂದಿನಂತೆ ಟೈಪ್ ಮಾಡಿಕೊಳ್ಳಿ.)

101 | 3,7,12
102 | 7
103 | 17,27
104 | 3, 7
105 | (ಖಾಲಿ ಸ್ಟ್ರಿಂಗ್)
106 | ನಲ್

7ನೇ ವಿಷಯ ಇರುವ ಲೇಖನಗಳು ಯಾವುವು? ಕಣ್ಣಲ್ಲೇ ಎಣಿಸಿದರೆ ಮೂರು: 101, 102, 104. ಈಗ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಜನ ಸಾಮಾನ್ಯವಾಗಿ ಬರೆಯುವ ಮೂರು ಶರತ್ತುಗಳನ್ನು ಓಡಿಸಿ ನೋಡಿ.

ವೇರ್ 7 ಇನ್ (ವಿಷಯ_ಪಟ್ಟಿ)
ವೇರ್ ವಿಷಯ_ಪಟ್ಟಿ ಲೈಕ್ '%7%'
ವೇರ್ ಫೈಂಡ್_ಇನ್_ಸೆಟ್('7', ವಿಷಯ_ಪಟ್ಟಿ)

ಮೊದಲನೆಯದು ಒಂದೇ ಸಾಲು ಕೊಡುತ್ತದೆ, 102. ಎರಡನೆಯದು ನಾಲ್ಕು: 103 ಕೂಡ ನುಸುಳಿ ಬರುತ್ತದೆ. ಮೂರನೆಯದು, ಕಾಮಾ ಪಟ್ಟಿಯೊಳಗೆ ಒಂದು ಮೌಲ್ಯವನ್ನು ಹುಡುಕುವ ಫಂಕ್ಷನ್, ಎರಡು ಕೊಡುತ್ತದೆ: 104 ತಪ್ಪಿಹೋಗುತ್ತದೆ. ಮೂರು ಕ್ವೆರಿ, ಮೂರು ಉತ್ತರ, ಮೂರೂ ತಪ್ಪು. ಸಮಾಧಾನದ ಸಂಗತಿಯೆಂದರೆ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ತಪ್ಪುತ್ತದೆ. ಹಾಗಾಗಿ ಉತ್ತರ ಯಾವ ಬದಿಗೆ ವಾಲಿದೆ ಎಂದು ನೋಡಿದರೆ ದೋಷ ಎಲ್ಲಿದೆ ಎಂಬುದು ಬಹುತೇಕ ತಿಳಿಯುತ್ತದೆ. ಕ್ವೆರಿ ತಿದ್ದಲು ಹೊರಡುವ ಮುನ್ನ ಇಂಥ ಐದಾರು ಸಾಲುಗಳನ್ನು ನಿಮ್ಮ ಟೇಬಲ್ಲಿನಿಂದಲೇ ಆರಿಸಿ, ಸರಿಯುತ್ತರವನ್ನು ಕೈಯಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮಾಡುವ ರಿಪೇರಿ ಕತ್ತಲಲ್ಲಿ ಕೈಯಾಡಿಸಿದಂತೆ.

ಪಟ್ಟಿಯ ಮೊದಲ ಮೌಲ್ಯ ಮಾತ್ರ ಸಿಗುತ್ತಿದ್ದರೆ

ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವಿದ್ದು ಇದೇ. ಇನ್ ಎಂಬುದರ ಆವರಣದೊಳಗೆ 3,7,12 ಎಂದು ನಾವು ಕೈಯಾರೆ ಬರೆದರೆ ಅದು ಮೂರು ಮೌಲ್ಯ. ಕಾಲಂ ಹೆಸರು ಬರೆದರೆ ಅದು ಒಂದೇ ಮೌಲ್ಯ, ಕಾಮಾಗಳೂ ಸೇರಿದ ಒಂದು ಸ್ಟ್ರಿಂಗ್. ಅದನ್ನು ಬಿಡಿಸಿ ನೋಡಬೇಕೆಂಬುದು ಡೇಟಾಬೇಸಿಗೆ ಗೊತ್ತಿಲ್ಲ. 7 ಎಂಬ ಸಂಖ್ಯೆಯನ್ನು '3,7,12' ಎಂಬ ಸ್ಟ್ರಿಂಗ್ ಜೊತೆ ಹೋಲಿಸಬೇಕಾದಾಗ ಮೈಎಸ್‌ಕ್ಯೂಎಲ್ ಸ್ಟ್ರಿಂಗನ್ನು ಸಂಖ್ಯೆ ಮಾಡಿಕೊಳ್ಳುತ್ತದೆ. ಮೊದಲ ಕಾಮಾ ಬಂದಲ್ಲಿಗೆ ಅದರ ಓದು ನಿಲ್ಲುತ್ತದೆ, ಉಳಿಯುವುದು 3. ಆದ್ದರಿಂದಲೇ ಪಟ್ಟಿಯ ಮೊದಲ ಜಾಗದಲ್ಲಿ 7 ಇದ್ದ ಸಾಲು ಮಾತ್ರ ಸಿಕ್ಕಿತು. ಎರಡು ಟೇಬಲ್ಲುಗಳನ್ನು ಬೆಸೆಯುವ ಜಾಯಿನ್ ಶರತ್ತಿನಲ್ಲಿ ಹೀಗೆ ಬರೆದವರಿಗೆ ಪ್ರತಿ ಲೇಖನಕ್ಕೂ ಒಂದೊಂದೇ ವಿಷಯ ಅಂಟಿಕೊಂಡು ಬರುತ್ತದೆ. ವರದಿ ನೋಡಿದರೆ ಎಲ್ಲ ನೆಟ್ಟಗಿದೆ ಅನ್ನಿಸುತ್ತದೆ, ಅದೇ ಅಪಾಯ.

ಖಚಿತಪಡಿಸಿಕೊಳ್ಳುವುದು ಸುಲಭ. ಕ್ವೆರಿ ಓಡಿಸಿದ ತಕ್ಷಣ ಅದೇ ಕನೆಕ್ಷನ್‌ನಲ್ಲಿ ಶೋ ವಾರ್ನಿಂಗ್ಸ್ ಕೊಡಿ. 1292 ಸಂಖ್ಯೆಯ ಎಚ್ಚರಿಕೆ, ಅದರಲ್ಲಿ ನಿಮ್ಮದೇ ಪಟ್ಟಿಯ ಪಠ್ಯ ಕಂಡರೆ ಕಳ್ಳ ಸಿಕ್ಕ ಹಾಗೆ. ಅಪ್ಲಿಕೇಶನ್ ಕೋಡಿನ ಮೂಲಕ ಓಡಿಸುವಾಗ ಈ ಎಚ್ಚರಿಕೆ ಸಾಮಾನ್ಯವಾಗಿ ಯಾರಿಗೂ ತಲುಪುವುದಿಲ್ಲ. ಇದೇ ಶರತ್ತನ್ನು ಅಪ್‌ಡೇಟ್ ಅಥವಾ ಡಿಲೀಟ್‌ನಲ್ಲಿ ಹಾಕಿದರೆ ಸ್ಟ್ರಿಕ್ಟ್ ಮೋಡ್‌ನಲ್ಲಿ (ಸರಿಹೊಂದದ ಡೇಟಾವನ್ನು ಒಪ್ಪದ ಕಟ್ಟುನಿಟ್ಟಿನ ಸೆಟ್ಟಿಂಗ್) ಅದು ಎರರ್ ಆಗಿ ನಿಲ್ಲುತ್ತದೆ. "ಸೆಲೆಕ್ಟ್ ಓಡುತ್ತೆ, ಡಿಲೀಟ್ ಓಡಲ್ಲ" ಎಂಬ ವಿಚಿತ್ರ ದೂರಿಗೂ ಮೂಲ ಇದೇ.

ಈ ವಿಷಯದಲ್ಲಿ ಬೇರೆ ಡೇಟಾಬೇಸ್‌ಗಳು ಇನ್ನಷ್ಟು ಪ್ರಾಮಾಣಿಕ. ಪೋಸ್ಟ್‌ಗ್ರೆಸ್ ಸಂಖ್ಯೆಗೂ ಪಠ್ಯಕ್ಕೂ ಹೋಲಿಸುವ ಆಪರೇಟರ್ ಇಲ್ಲ ಎಂದು ಬಾಗಿಲಲ್ಲೇ ತಡೆಯುತ್ತದೆ. ಎಸ್‌ಕ್ಯೂಎಲ್ ಸರ್ವರ್ 245ನೇ ಎರರ್ ಕೊಡುತ್ತದೆ, ಒರಾಕಲ್ 01722. ಆದರೆ ಆ ಎರಡರಲ್ಲೂ ಒಂದು ಬಲೆಯಿದೆ: ಪರೀಕ್ಷೆಗೆ ಇಟ್ಟ ಟೇಬಲ್ಲಿನಲ್ಲಿ ಪ್ರತಿ ಸಾಲಿಗೂ ಒಂದೇ ವಿಷಯವಿದ್ದರೆ ಪರಿವರ್ತನೆ ಸುಸೂತ್ರವಾಗಿ ನಡೆಯುತ್ತದೆ. ಯಾರೋ ಎರಡನೇ ವಿಷಯ ಸೇರಿಸಿದ ದಿನ ಕ್ವೆರಿ ಬೀಳುತ್ತದೆ. "ನಿನ್ನೆವರೆಗೆ ಚೆನ್ನಾಗಿತ್ತು" ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ಇದೇ ತಪ್ಪಿನ ಇನ್ನೊಂದು ಮುಖ ಅಪ್ಲಿಕೇಶನ್ ಕಡೆಯಿಂದ ಬರುತ್ತದೆ. ಕಾಲಂ ಸರಿಯಾಗಿಯೇ ಇದೆ, ಒಂದು ಸಾಲಿಗೆ ಒಂದು ಐಡಿ. ಕ್ವೆರಿಯಲ್ಲಿ ಇನ್ (?) ಎಂದು ಬರೆದು, ಆ ಒಂದು ಪ್ರಶ್ನಾರ್ಥಕಕ್ಕೆ '3,7,12' ಎಂಬ ಸ್ಟ್ರಿಂಗ್ ಕಟ್ಟುತ್ತಾರೆ. ಮತ್ತೆ ಮೂರಕ್ಕೆ ಒಂದೇ ಸಿಗುತ್ತದೆ. ಪಟ್ಟಿಯಲ್ಲಿ ಎಷ್ಟು ಮೌಲ್ಯವೋ ಅಷ್ಟು ಪ್ರಶ್ನಾರ್ಥಕ ಹಾಕಬೇಕು. ಪೋಸ್ಟ್‌ಗ್ರೆಸ್‌ನಲ್ಲಾದರೆ ಇಡೀ ಪಟ್ಟಿಯನ್ನು ಒಂದು ಅರೇ ಆಗಿ ಕಳಿಸಿ ಎನಿ ಜೊತೆ ಹೋಲಿಸಬಹುದು. ಸ್ಟ್ರಿಂಗನ್ನೇ ಕ್ವೆರಿಯ ಪಠ್ಯಕ್ಕೆ ಅಂಟಿಸಿ "ಕೆಲಸ ಮಾಡ್ತು" ಎಂದು ಮುಗಿಸಬೇಡಿ, ಅದು ಹೊರಗಿನವರು ತಮ್ಮ ಆಜ್ಞೆಯನ್ನು ಕ್ವೆರಿಯೊಳಗೆ ತೂರಿಸುವ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ ಬಾಗಿಲು ತೆರೆದಿಟ್ಟ ಹಾಗೆ.

ಬೇಡದ್ದೂ ಬರುತ್ತಿದ್ದರೆ

ಲೈಕ್ '%7%' ಎಂದರೆ 7 ಎಂಬ ಅಂಕಿ ಎಲ್ಲಿದ್ದರೂ ಸರಿ ಎಂದರ್ಥ. 17, 27, 70, 1075 ಎಲ್ಲವೂ ಬರುತ್ತವೆ. ವಿಷಯಗಳು ಒಂಬತ್ತು ಇರುವವರೆಗೆ ಈ ದೋಷ ಕಾಣಿಸುವುದೇ ಇಲ್ಲ, ಹತ್ತನೆಯದು ಸೇರಿದ ದಿನ 1ನೇ ವಿಷಯದ ಪುಟ ಕೆಡುತ್ತದೆ. ಪರಿಹಾರವನ್ನು ಬಹಳ ಮಂದಿ ಬಲ್ಲರು: ಪಟ್ಟಿಯ ಎರಡೂ ತುದಿಗೆ ಕಾಮಾ ಅಂಟಿಸಿ, ಹುಡುಕುವ ಮೌಲ್ಯಕ್ಕೂ ಎರಡೂ ಕಡೆ ಕಾಮಾ ಕೊಡುವುದು.

ವೇರ್ ಕಾನ್‌ಕ್ಯಾಟ್(',', ವಿಷಯ_ಪಟ್ಟಿ, ',') ಲೈಕ್ '%,7,%'

ತುದಿಯ ಕಾಮಾ ಮರೆತು '%,7,%' ಎಂದಷ್ಟೇ ಬರೆದರೆ ಪಟ್ಟಿಯ ಮೊದಲನೆಯದು, ಕೊನೆಯದು, ಒಂಟಿಯಾಗಿರುವುದು ಮೂರೂ ತಪ್ಪುತ್ತವೆ, ನಡುವಿನವು ಮಾತ್ರ ಸಿಗುತ್ತವೆ. "ನಡುವಿನದು ಮಾತ್ರ ಬರುತ್ತಿದೆ" ಎಂಬ ಲಕ್ಷಣ ಕಂಡರೆ ನೇರವಾಗಿ ಇಲ್ಲಿಗೆ ಬನ್ನಿ.

ಮೌಲ್ಯಗಳು ಅಂಕಿಯಲ್ಲದೆ ಪದಗಳಾಗಿದ್ದರೆ ಇನ್ನೊಂದು ಕೀಟಲೆ ಇದೆ. ಲೈಕ್‌ಗೆ ಅಂಡರ್‌ಸ್ಕೋರ್ ಎಂದರೆ ಯಾವುದಾದರೂ ಒಂದು ಅಕ್ಷರ. ಮೌಲ್ಯದ ಒಳಗೆ ಅಂಡರ್‌ಸ್ಕೋರ್ ಇದ್ದು ಅದನ್ನು ಎಸ್ಕೇಪ್ ಮಾಡದಿದ್ದರೆ ಆ ಜಾಗದಲ್ಲಿ ಹೈಫನ್ ಇರುವ ಮೌಲ್ಯವೂ ಹೊಂದಿಕೊಂಡುಬಿಡುತ್ತದೆ. ಫೈಂಡ್_ಇನ್_ಸೆಟ್ ಬಳಸಿದರೆ ಈ ತಲೆನೋವಿಲ್ಲ, ಅದಕ್ಕೆ ವೈಲ್ಡ್‌ಕಾರ್ಡ್ ಗೊತ್ತೇ ಇಲ್ಲ.

ಕಣ್ಣಿಗೆ ಕಾಣುತ್ತದೆ, ಕ್ವೆರಿಗೆ ಸಿಗುವುದಿಲ್ಲ

104ನೇ ಸಾಲಿಗೆ ಬರೋಣ. ಫೈಂಡ್_ಇನ್_ಸೆಟ್ ಅದನ್ನು ಬಿಟ್ಟದ್ದು ಯಾಕೆಂದರೆ ಅಲ್ಲಿ ಇರುವುದು '7' ಅಲ್ಲ, ಮುಂದೆ ಒಂದು ಖಾಲಿ ಜಾಗವಿರುವ ' 7'. ಮನುಷ್ಯರು ಕಾಮಾ ಆದಮೇಲೆ ಒಂದು ಜಾಗ ಬಿಟ್ಟು ಬರೆಯುತ್ತಾರೆ, ಪ್ರೋಗ್ರಾಮುಗಳು ಬಿಡುವುದಿಲ್ಲ. ಒಂದೇ ಕಾಲಂಗೆ ಇಬ್ಬರೂ ಬರೆದಿದ್ದರೆ ಎರಡೂ ರೀತಿ ಬೆರೆತಿರುತ್ತದೆ.

ಇಲ್ಲಿ ಕಣ್ಣನ್ನು ನಂಬಬೇಡಿ, ಹೆಕ್ಸ್ (ಪ್ರತಿ ಬೈಟಿನ ಸಂಕೇತ ಸಂಖ್ಯೆ) ನೋಡಿ. ಹೆಕ್ಸ್(ವಿಷಯ_ಪಟ್ಟಿ) ಎಂದು ಕೇಳಿದರೆ 104ನೇ ಸಾಲಿಗೆ 33 2ಸಿ 20 37 ಎಂಬ ಅಂಕಿಗಳು ಒತ್ತೊತ್ತಾಗಿ ಬರುತ್ತವೆ. 33 ಎಂದರೆ 3, 2ಸಿ ಎಂದರೆ ಕಾಮಾ, 20 ಎಂದರೆ ಜಾಗ, 37 ಎಂದರೆ 7. 30ರಿಂದ 39ರವರೆಗಿನವೆಲ್ಲ ಅಂಕಿಗಳು. ಅವನ್ನೂ ಕಾಮಾ, ಜಾಗಗಳನ್ನೂ ಗುರುತು ಹಿಡಿಯಲು ಬಂದರೆ ಸಾಕು, ಉಳಿದದ್ದೆಲ್ಲ ಅನುಮಾನಾಸ್ಪದ. 09 ಕಂಡರೆ ಟ್ಯಾಬ್. ಕೊನೆಯಲ್ಲಿ 0ಡಿ ಕಂಡರೆ ಕ್ಯಾರೇಜ್ ರಿಟರ್ನ್, ವಿಂಡೋಸ್‌ನಲ್ಲಿ ಉಳಿಸಿದ ಸಿಎಸ್‌ವಿ ಫೈಲಿನಿಂದ ತುಂಬಿದ ಡೇಟಾದಲ್ಲಿ ಇದು ಪಟ್ಟಿಯ ಕೊನೆಯ ಮೌಲ್ಯಕ್ಕೆ ಅಂಟಿಕೊಂಡಿರುತ್ತದೆ. "ಕೊನೆಯದು ಮಾತ್ರ ಸಿಗುತ್ತಿಲ್ಲ" ಎಂದರೆ ಮೊದಲು ಅದನ್ನೇ ಹುಡುಕಿ. ಸಿ2 ಎ0 ಕಂಡರೆ ವೆಬ್‌ಪುಟದಿಂದ ಕಾಪಿ ಮಾಡಿದಾಗ ಬಂದ ನಾನ್-ಬ್ರೇಕಿಂಗ್ ಸ್ಪೇಸ್. ಅದು ಮಾಮೂಲಿ ಜಾಗದಂತೆಯೇ ಕಾಣುತ್ತದೆ, ಟ್ರಿಮ್ ಮಾತ್ರ ಅದನ್ನು ಮುಟ್ಟುವುದಿಲ್ಲ.

ಕನ್ನಡ ಪದಗಳನ್ನೇ ಟ್ಯಾಗ್ ಆಗಿ ಇಟ್ಟಿದ್ದರೆ ಇ2 80 8ಸಿ ಎಂಬ ಮೂರು ಬೈಟುಗಳನ್ನೂ ಹುಡುಕಿ. ಅದು ಜೀರೋ ವಿಡ್ತ್ ನಾನ್-ಜಾಯಿನರ್, ಒತ್ತಕ್ಷರವಾಗದಂತೆ ಅಕ್ಷರಗಳನ್ನು ಬಿಡಿಸಿ ಇಡಲು ನಾವು ಬಳಸುವ ಕಾಣದ ಗುರುತು. ಪದದ ನಡುವೆ ಇದ್ದರೆ ರೂಪವೇ ಬದಲಾಗುವುದರಿಂದ ಗೊತ್ತಾಗುತ್ತದೆ. ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕೆಲವು ಕೊಲೇಶನ್‌ಗಳು (ಪಠ್ಯ ಹೋಲಿಸುವ ನಿಯಮಗಳು) ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೆಲವು ಬೇರೆ ಪದವೆಂದೇ ಹಿಡಿಯುತ್ತವೆ. ಒಂದೇ ಕ್ವೆರಿ ಎರಡು ಸರ್ವರ್‌ಗಳಲ್ಲಿ ಎರಡು ರೀತಿ ನಡೆದುಕೊಂಡರೆ ಕೊಲೇಶನ್ ಹೋಲಿಸಿ ನೋಡಿ.

ಸಾಲು ಸಾಲು ಹೆಕ್ಸ್ ಓದುತ್ತಾ ಕೂರಬೇಕಿಲ್ಲ. ಐಡಿಗಳ ಪಟ್ಟಿಯಾದರೆ ಕೊಳಕನ್ನು ಒಮ್ಮೆಗೇ ಎಣಿಸಬಹುದು:

ಸೆಲೆಕ್ಟ್
  ಸಮ್(ವಿಷಯ_ಪಟ್ಟಿ ಈಸ್ ನಲ್),
  ಸಮ್(ವಿಷಯ_ಪಟ್ಟಿ = ''),
  ಸಮ್(ವಿಷಯ_ಪಟ್ಟಿ ರೆಜೆಕ್ಸ್‌ಪಿ '[^0-9,]'),
  ಸಮ್(ವಿಷಯ_ಪಟ್ಟಿ ಲೈಕ್ '%,,%'),
  ಸಮ್(ವಿಷಯ_ಪಟ್ಟಿ ಲೈಕ್ ',%' ಆರ್ ವಿಷಯ_ಪಟ್ಟಿ ಲೈಕ್ '%,')
ಫ್ರಮ್ ಲೇಖನ;

ನಮ್ಮ ಆರು ಸಾಲಿಗೆ ಇದು 1, 1, 1, 0, 0 ಎನ್ನುತ್ತದೆ. "ಅಂಕಿ, ಕಾಮಾ ಬಿಟ್ಟು ಬೇರೇನಾದರೂ ಇದೆಯೇ" ಎಂದು ಕೇಳುವ ಮೂರನೇ ಸಾಲನ್ನು ಬೇಕೆಂದೇ ಹಾಗೆ ಬರೆದಿದ್ದೇನೆ. ಇಡೀ ಪಟ್ಟಿಯ ಆಕಾರವನ್ನು ಮೊದಲಿನಿಂದ, ಕೊನೆಯನ್ನು ಸೂಚಿಸುವ ಡಾಲರ್ ಚಿಹ್ನೆಯವರೆಗೆ ಹೊಂದಿಸಿ ನೋಡುವ ಚಂದದ ರೆಜೆಕ್ಸ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಬರೆಯಬಹುದು. ಆದರೆ ಹಲವು ರೆಜೆಕ್ಸ್ ಇಂಜಿನ್‌ಗಳಲ್ಲಿ ಡಾಲರ್ ಕೊನೆಯ ಹೊಸಸಾಲಿನ ಗುರುತಿಗೆ ಮುಂಚೆಯೂ ಹೊಂದಿಕೊಳ್ಳುತ್ತದೆ. ಹುಡುಕಲು ಹೊರಟ ಕೊಳಕೇ ಜಾರಿಕೊಂಡುಹೋಗುತ್ತದೆ.

ತಾತ್ಕಾಲಿಕ ಪರಿಹಾರ ಫೈಂಡ್_ಇನ್_ಸೆಟ್('7', ರಿಪ್ಲೇಸ್(ವಿಷಯ_ಪಟ್ಟಿ, ' ', '')). ಈಗ ಮೂರೂ ಸಾಲು ಬಂದವು. ಮೌಲ್ಯಗಳ ಒಳಗೇ ಜಾಗವಿರುವ ಪದಪುಂಜಗಳಾದರೆ ಇದನ್ನು ಮಾಡಬೇಡಿ, ಕಾಮಾ ಪಕ್ಕದ ಜಾಗವನ್ನಷ್ಟೇ ತೆಗೆಯಿರಿ. ಮೌಲ್ಯದ ಒಳಗೇ ಕಾಮಾ ಇದ್ದರೆ, ಉದಾಹರಣೆಗೆ ಮನೆತನದ ಹೆಸರು ಮೊದಲು ಬರೆದು ಕಾಮಾ ಹಾಕಿ ವ್ಯಕ್ತಿಯ ಹೆಸರು ಬರೆದ ಪಟ್ಟಿಗಳಲ್ಲಿ, ಯಾವ ಫಂಕ್ಷನ್ನಿನಿಂದಲೂ ಉಪಯೋಗವಿಲ್ಲ. ಯಾವ ಕಾಮಾ ಬೇಲಿ, ಯಾವುದು ಮನೆಯೊಳಗಿನದು ಎಂದು ಹೇಳುವವರು ಯಾರೂ ಉಳಿದಿಲ್ಲ. ಹೆಸರುಗಳ ಮೂಲ ಪಟ್ಟಿ ಇದ್ದರೆ ಅದರ ಜೊತೆ ಒಂದೊಂದಾಗಿ ಹೊಂದಿಸಬೇಕು, ಇಲ್ಲವಾದರೆ ಮನುಷ್ಯರೇ ಕೂತು ನೋಡಬೇಕು.

ಸಿಗದಿರುವುದಕ್ಕೆ ಇನ್ನೂ ಒಂದು ಕಾರಣ, ಕಾಲಂನ ಉದ್ದ. ವಾರ್‌ಚಾರ್ 255 ಕಾಲಂಗೆ ಐದಂಕಿಯ ಐಡಿಗಳನ್ನು ತುಂಬುತ್ತಾ ಹೋದರೆ 42 ಐಡಿಗಳು ಪೂರ್ತಿ ಹಿಡಿಸುತ್ತವೆ, 43ನೆಯದರ ಮೊದಲ ಮೂರಂಕಿ ಮಾತ್ರ ಉಳಿಯುತ್ತದೆ. 11852 ಇದ್ದದ್ದು 118 ಆಗುತ್ತದೆ. ಇದ್ದದ್ದು ಕಾಣೆ, ಇಲ್ಲದ್ದು ಹಾಜರು. ಸ್ಟ್ರಿಕ್ಟ್ ಮೋಡ್ ಇದ್ದರೆ ಮೈಎಸ್‌ಕ್ಯೂಎಲ್ ಇಂಥದ್ದನ್ನು ಒಪ್ಪುವುದಿಲ್ಲ, 5.7ರಿಂದ ಅದೇ ಡೀಫಾಲ್ಟ್. ಅದಕ್ಕೂ ಹಳೆಯ ಸರ್ವರ್‌ನಿಂದ ಬಂದ ಡೇಟಾ, ಅಥವಾ "ಎರರ್ ಬರ್ತಿತ್ತು ಅಂತ" ಯಾರೋ ಆ ಮೋಡ್ ತೆಗೆದಿಟ್ಟ ಸರ್ವರ್ ಆದರೆ ಕಾಲಂನ ಗರಿಷ್ಠ ಉದ್ದಕ್ಕೆ ಸರಿಯಾಗಿ ಬಂದು ನಿಂತ ಸಾಲುಗಳೆಷ್ಟು ಎಂದು ಎಣಿಸಿ. ಪಟ್ಟಿಯನ್ನು, ಹಲವು ಸಾಲುಗಳ ಮೌಲ್ಯಗಳನ್ನು ಒಂದೇ ಸ್ಟ್ರಿಂಗಾಗಿ ಜೋಡಿಸುವ ಗ್ರೂಪ್_ಕಾನ್‌ಕ್ಯಾಟ್‌ನಿಂದ ಕಟ್ಟಿದ್ದರೆ ಮಿತಿ ಬೇರೆ: ಮೈಎಸ್‌ಕ್ಯೂಎಲ್‌ನಲ್ಲಿ ಡೀಫಾಲ್ಟ್ 1024 ಬೈಟ್, ಮರಿಯಾಡಿಬಿಯಲ್ಲಿ 10.2.4ರಿಂದ 1 ಎಂಬಿ. ಮಿತಿ ಮೀರಿದ್ದನ್ನು ಅದು ಕತ್ತರಿಸಿ ಬಿಸಾಡಿ ಎಚ್ಚರಿಕೆಯೊಂದನ್ನು ಬರೆದಿಡುತ್ತದೆ, ಆ ಎಚ್ಚರಿಕೆಯನ್ನೂ ಯಾರೂ ಓದುವುದಿಲ್ಲ.

ಮತ್ತೊಂದು: ಈ ಕಾಲಂ ಎಂದಾದರೂ ಸ್ಪ್ರೆಡ್‌ಶೀಟಿಗೆ ಹೋಗಿ ವಾಪಸ್ ಬಂದಿದೆಯೇ ಎಂದು ಕೇಳಿ. 12,345 ಎಂಬ ಎರಡು ಐಡಿಗಳ ಪಟ್ಟಿ ಅಲ್ಲಿ ಹನ್ನೆರಡು ಸಾವಿರದ ಮುನ್ನೂರ ನಲವತ್ತೈದು ಎಂಬ ಒಂದೇ ಸಂಖ್ಯೆಯಾಗಿಬಿಡಬಹುದು.

"7 ಇಲ್ಲದವು" ಎಂದು ಕೇಳಿದಾಗ

ಮೇಲಿನಂತೆ ಜಾಗ ತೆಗೆದ ಪಟ್ಟಿಯ ಮೇಲೆ ನಾಟ್ ಫೈಂಡ್_ಇನ್_ಸೆಟ್ ಎಂದು ಕೇಳಿದರೆ 103, 105, 106 ಬರಬೇಕು. 106 ಬರುವುದಿಲ್ಲ. ಪಟ್ಟಿ ನಲ್ ಆದರೆ ಫಂಕ್ಷನ್ನಿನ ಉತ್ತರವೂ ನಲ್, ನಾಟ್ ನಲ್ ಎಂದರೂ ನಲ್, ವೇರ್ ಅದನ್ನು ಒಳಗೆ ಬಿಡುವುದಿಲ್ಲ. ಯಾವ ವಿಷಯವೂ ಇಲ್ಲದ ಲೇಖನಗಳೇ "7 ಇಲ್ಲದವು" ಪಟ್ಟಿಯಿಂದ ಹೊರಗುಳಿಯುತ್ತವೆ. ನಲ್ ಇದ್ದಲ್ಲಿ ಖಾಲಿ ಸ್ಟ್ರಿಂಗ್ ಕೊಡುವ ಕೋಅಲೆಸ್(ವಿಷಯ_ಪಟ್ಟಿ, '') ಎಂದು ಸುತ್ತಿ. ಕಾನ್‌ಕ್ಯಾಟ್ ಮಾಡುವ ದಾರಿಯಲ್ಲೂ ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕಥೆ.

ಎಣಿಕೆಯಲ್ಲೂ ಖಾಲಿ ಪಟ್ಟಿ ಮೋಸ ಮಾಡುತ್ತದೆ. ಕಾಮಾಗಳನ್ನು ಎಣಿಸಿ ಒಂದು ಕೂಡಿಸುವ ಉಪಾಯದಲ್ಲಿ ಖಾಲಿ ಸ್ಟ್ರಿಂಗಿಗೂ 1 ಎಂಬ ಉತ್ತರ ಬರುತ್ತದೆ. ನಮ್ಮ ಟೇಬಲ್ಲಿನಲ್ಲಿ ಒಟ್ಟು ಎಂಟು ಮೌಲ್ಯ, ಆ ಲೆಕ್ಕ ಒಂಬತ್ತು ಎನ್ನುತ್ತದೆ.

ಮೌಲ್ಯ ತೆಗೆದುಹಾಕಿದ ಮೇಲೆ ಕೆಟ್ಟಿದ್ದರೆ

ಇದುವರೆಗಿನದು ಓದುವಾಗಿನ ತಪ್ಪುಗಳು, ಕ್ವೆರಿ ತಿದ್ದಿದರೆ ಸರಿಹೋಗುತ್ತವೆ. ಬರೆಯುವಾಗಿನ ತಪ್ಪು ಹಾಗಲ್ಲ, ಡೇಟಾವನ್ನೇ ತಿನ್ನುತ್ತದೆ. ಒಮ್ಮೆ ನಾನು ನೋಡಿಕೊಳ್ಳುತ್ತಿದ್ದ ವ್ಯವಸ್ಥೆಯೊಂದರಲ್ಲಿ 5ನೇ ವಿಷಯವನ್ನು ರದ್ದು ಮಾಡಬೇಕಿತ್ತು. ಯಾರೋ ರಿಪ್ಲೇಸ್(ವಿಷಯ_ಪಟ್ಟಿ, '5,', '') ಎಂದು ಇಡೀ ಟೇಬಲ್ಲಿಗೆ ಓಡಿಸಿದರು. ಯಾರೋ ಎಂದೆ, ನಾನೇ. 15,5,7 ಎಂಬ ಪಟ್ಟಿಗೆ ಏನಾಗುತ್ತದೆ ನೋಡಿ: 15ರ ಬಾಲದಲ್ಲಿದ್ದ '5,' ಹೋಯಿತು, ಆಮೇಲಿನ '5,' ಹೋಯಿತು, ಉಳಿದದ್ದು 17. ಹದಿನೈದೂ ಇಲ್ಲ, ಏಳೂ ಇಲ್ಲ, ಎಂದೂ ಇಲ್ಲದ ಹದಿನೇಳು ಹುಟ್ಟಿಕೊಂಡಿತು. 17ನೇ ವಿಷಯ ನಿಜವಾಗಿಯೂ ಇದ್ದದ್ದರಿಂದ ಯಾವ ಎರರೂ ಬರಲಿಲ್ಲ. ಅದರ ಪುಟದಲ್ಲಿ ಸಂಬಂಧವೇ ಇಲ್ಲದ ಲೇಖನಗಳು ಕಾಣಿಸಿಕೊಂಡು, ಓದುಗರೊಬ್ಬರು ಕೇಳಿದ ಮೇಲಷ್ಟೇ ತಿಳಿದದ್ದು. ಬ್ಯಾಕಪ್ ಇಲ್ಲದಿದ್ದರೆ ಇದಕ್ಕೆ ಮದ್ದಿಲ್ಲ, 17 ಎಂಬ ಮುಖ ನೋಡಿ ಅದರ ಹಿಂದಿನ ಜನ್ಮ ಹೇಳಲಾಗದು.

ತೆಗೆಯಲೇಬೇಕಾದರೆ ತುದಿಗೆ ಕಾಮಾ ಕಟ್ಟಿ, ಕಾಮಾ ಸಮೇತ ತೆಗೆದು, ಆಮೇಲೆ ತುದಿ ಕತ್ತರಿಸಿ:

ಟ್ರಿಮ್(ಬೋತ್ ',' ಫ್ರಮ್ ರಿಪ್ಲೇಸ್(ಕಾನ್‌ಕ್ಯಾಟ್(',', ವಿಷಯ_ಪಟ್ಟಿ, ','), ',5,', ','))

ಇದೂ ಪೂರ್ತಿ ನಿಷ್ಕಳಂಕವಲ್ಲ. 5,5 ಎಂದು ಅಕ್ಕಪಕ್ಕ ಎರಡು ಸಲ ಬಂದಿದ್ದರೆ ಮೊದಲ ಬದಲಾವಣೆ ನಡುವಿನ ಕಾಮಾವನ್ನು ನುಂಗಿಬಿಡುತ್ತದೆ, ಎರಡನೇ 5 ಉಳಿಯುತ್ತದೆ. ಇನ್ನೊಮ್ಮೆ ಓಡಿಸಬೇಕು. ಯಾವುದನ್ನೇ ಆಗಲಿ ಮೊದಲು ಸೆಲೆಕ್ಟ್ ಮಾಡಿ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ನೋಡಿ, ಆಮೇಲೆ ಅಪ್‌ಡೇಟ್ ಮಾಡಿ.

ಸೇರಿಸಿದ ಮೌಲ್ಯ ಆಗಾಗ ಮಾಯವಾಗುತ್ತಿದ್ದರೆ ಅದು ಬೇರೆ ದೋಷ. ಪ್ರೋಗ್ರಾಮು ಪಟ್ಟಿಯನ್ನು ಓದಿ, ತನ್ನ ಮೌಲ್ಯ ಸೇರಿಸಿ, ಇಡೀ ಪಟ್ಟಿಯನ್ನು ವಾಪಸ್ ಬರೆಯುತ್ತದೆ. ಇಬ್ಬರು ಒಂದೇ ಹೊತ್ತಿಗೆ ಇದನ್ನು ಮಾಡಿದರೆ ಕೊನೆಗೆ ಬರೆದವರದ್ದು ಉಳಿಯುತ್ತದೆ, ಇನ್ನೊಬ್ಬರದ್ದು ಅಳಿಯುತ್ತದೆ. ಓದುವಾಗಲೇ ಫಾರ್ ಅಪ್‌ಡೇಟ್ ಎಂದು ಸಾಲನ್ನು ಲಾಕ್ ಮಾಡಿಕೊಳ್ಳಬೇಕು.

ಉತ್ತರ ಸರಿ, ಆದರೆ ಆಮೆ ವೇಗ

ಕ್ವೆರಿ ಹೇಗೆ ನಡೆಯುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಕೊಟ್ಟು ನೋಡಿ. ಟೈಪ್ ಕಾಲಂನಲ್ಲಿ ಆಲ್, ಕೀ ಕಾಲಂನಲ್ಲಿ ನಲ್ ಎಂದಿದ್ದರೆ ಇಡೀ ಟೇಬಲ್ ಓದುತ್ತಿದೆ. ವಿಷಯ_ಪಟ್ಟಿಯ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಕಟ್ಟುವ ಸೂಚಿ) ಹಾಕಿ ನೋಡಿದವರು ಬಹಳ, ಪ್ರಯೋಜನ ಕಂಡವರಿಲ್ಲ. ಇಂಡೆಕ್ಸ್ ಇರುವುದು ಸ್ಟ್ರಿಂಗಿನ ಮೊದಲಕ್ಷರದಿಂದ ಜೋಡಿಸಿಟ್ಟ ಕ್ರಮದಲ್ಲಿ, ನಾವು ಕೇಳುತ್ತಿರುವುದು ಹೊಟ್ಟೆಯೊಳಗೆ ಏನಿದೆ ಎಂದು. ಫೈಂಡ್_ಇನ್_ಸೆಟ್ ಅನ್ನು ಜಾಯಿನ್‌ಗೆ ಬಳಸಿದರೆ ಪ್ರತಿ ಲೇಖನವನ್ನೂ ಪ್ರತಿ ವಿಷಯದ ಜೊತೆ ಹೋಲಿಸಬೇಕು: 50,000 ಲೇಖನ, 400 ವಿಷಯ ಎಂದರೆ 2 ಕೋಟಿ ಹೋಲಿಕೆ. ಕಾಲಂ ಸೆಟ್ ಎಂಬ ವಿಶೇಷ ಪ್ರಕಾರದ್ದಾಗಿದ್ದರೆ ಹೋಲಿಕೆ ಬಿಟ್ ಲೆಕ್ಕಕ್ಕೆ ಇಳಿದು ಹಗುರಾಗುತ್ತದೆ. ಆದರೆ ಅದರಲ್ಲಿ ಹಿಡಿಸುವುದು 64 ಬಗೆಯ ಮೌಲ್ಯಗಳಷ್ಟೇ.

ಫುಲ್‌ಟೆಕ್ಸ್ಟ್ ಇಂಡೆಕ್ಸ್ ಹಾಕಿ ಎಂಬ ಸಲಹೆಯೂ ಓಡಾಡುತ್ತಿರುತ್ತದೆ. ಮೈಎಸ್‌ಕ್ಯೂಎಲ್‌ನ ಟೇಬಲ್ ಬಗೆಗಳಲ್ಲಿ ಒಂದಾದ ಇನ್ನೋಡಿಬಿಯಲ್ಲಿ ಡೀಫಾಲ್ಟ್ ಆಗಿ ಮೂರಕ್ಷರಕ್ಕಿಂತ ಚಿಕ್ಕ ಪದಗಳು ಆ ಇಂಡೆಕ್ಸಿಗೆ ಸೇರುವುದೇ ಇಲ್ಲ, ಮೈಐಎಸ್ಎಎಂನಲ್ಲಿ ನಾಲ್ಕಕ್ಷರಕ್ಕಿಂತ. 7 ಎಂದು ಹುಡುಕಿದರೆ ಬಹಳ ವೇಗವಾಗಿ "ಏನೂ ಇಲ್ಲ" ಎಂಬ ಉತ್ತರ ಬರುತ್ತದೆ.

ಪೋಸ್ಟ್‌ಗ್ರೆಸ್‌ನವರಿಗೆ ಮಾತ್ರ ಒಂದು ಒಳದಾರಿ ಇದೆ. ಸ್ಟ್ರಿಂಗ್_ಟು_ಅರೇ(ವಿಷಯ_ಪಟ್ಟಿ, ',') ಎಂಬ ಎಕ್ಸ್‌ಪ್ರೆಶನ್ ಮೇಲೆ, ಅರೇಯ ಒಳಗಿನ ಮೌಲ್ಯಗಳನ್ನು ಹುಡುಕಬಲ್ಲ ಜಿನ್ ಇಂಡೆಕ್ಸ್ ಕಟ್ಟಬಹುದು. ಕಟ್ಟಿದ ಮೇಲೂ ನಿಧಾನ ಎಂದರೆ ಶರತ್ತು ನೋಡಿ: = ಎನಿ ಎಂದು ಬರೆದರೆ ಆ ಇಂಡೆಕ್ಸ್ ಬಳಕೆಯಾಗದು, "ಒಳಗೊಂಡಿದೆ" ಎಂಬ ಅರ್ಥದ @> ಆಪರೇಟರನ್ನೇ ಬಳಸಬೇಕು. ಎಕ್ಸ್‌ಪ್ರೆಶನ್ನೂ ಇಂಡೆಕ್ಸಿನಲ್ಲಿ ಬರೆದ ಹಾಗೇ ಇರಬೇಕು.

ಬಿಡಿಸಿ ಇಡುವುದು

ಪಟ್ಟಿಯನ್ನು ಇದ್ದ ಹಾಗೆ ತೋರಿಸುವುದು ಬಿಟ್ಟು ಬೇರೆ ಕೆಲಸವಿಲ್ಲದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಅದರೊಳಗೆ ಹುಡುಕುವುದು, ಎಣಿಸುವುದು, ಜಾಯಿನ್ ಮಾಡುವುದು ಶುರುವಾಗಿದ್ದರೆ ಮೇಲಿನ ತೇಪೆಗಳೆಲ್ಲ ಬಡ್ಡಿ ಕಟ್ಟಿದಂತೆ, ಅಸಲು ಹಾಗೇ ಇರುತ್ತದೆ. ಒಂದು ಖಾನೆಗೆ ಒಂದೇ ಮೌಲ್ಯ ಎಂಬ ನಿಯಮ ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಮಾದರಿಯನ್ನು ಮುಂದಿಟ್ಟಾಗಿನಿಂದ ಇದೆ. ಜಾಯಿನ್, ಇಂಡೆಕ್ಸ್, ಫಾರಿನ್ ಕೀ ಎಲ್ಲವೂ ಆ ನಂಬಿಕೆಯ ಮೇಲೆ ನಿಂತಿವೆ. ಲೇಖನ_ವಿಷಯ ಎಂಬ ಕೊಂಡಿ ಟೇಬಲ್ ಮಾಡಿ: ಲೇಖನ_ಐಡಿ, ವಿಷಯ_ಐಡಿ, ಎರಡೂ ಸೇರಿ ಪ್ರೈಮರಿ ಕೀ, ಹಿಂದುಮುಂದಾಗಿ ಇನ್ನೊಂದು ಇಂಡೆಕ್ಸ್. ಪಟ್ಟಿಯಲ್ಲಿ ಮೊದಲು ಬಂದದ್ದೇ ಮುಖ್ಯ ವಿಷಯ ಎಂಬಂಥ ರೂಢಿ ಇದ್ದರೆ ಕ್ರಮ ಎಂಬ ಕಾಲಮ್ಮೂ ಬೇಕು. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ಬಿಡಿಸಿದ ಮೇಲೆ ಗೊತ್ತಾದರೆ ಕಷ್ಟ.

ಮೈಎಸ್‌ಕ್ಯೂಎಲ್ 8ರಲ್ಲಿ ಐಡಿಗಳ ಪಟ್ಟಿಯನ್ನು ಬಿಡಿಸುವ ನನ್ನ ಮೆಚ್ಚಿನ ದಾರಿ, ಎರಡು ಚೌಕ ಆವರಣ ಅಂಟಿಸಿ ಅದನ್ನು ಜೆಸನ್ (ಡೇಟಾ ಬರೆಯುವ ಒಂದು ಪಠ್ಯ ರೂಪ) ಅರೇ ಮಾಡಿಬಿಡುವುದು:

ಇನ್ಸರ್ಟ್ ಇಂಟು ಲೇಖನ_ವಿಷಯ (ಲೇಖನ_ಐಡಿ, ವಿಷಯ_ಐಡಿ, ಕ್ರಮ)
ಸೆಲೆಕ್ಟ್ ಲೇ.ಐಡಿ, ತುಂಡು.ವಿ, ಮಿನ್(ತುಂಡು.ಕ್ರ)
ಫ್ರಮ್ ಲೇಖನ ಲೇ
ಜಾಯಿನ್ ಜೆಸನ್_ಟೇಬಲ್(ಕಾನ್‌ಕ್ಯಾಟ್('[', ಲೇ.ವಿಷಯ_ಪಟ್ಟಿ, ']'), '$[*]'
  ಕಾಲಮ್ಸ್ (ಕ್ರ ಫಾರ್ ಆರ್ಡಿನಾಲಿಟಿ, ವಿ ಇಂಟ್ ಪಾತ್ '$')) ತುಂಡು
ಜಾಯಿನ್ ವಿಷಯ ಆನ್ ವಿಷಯ.ಐಡಿ = ತುಂಡು.ವಿ
ಗ್ರೂಪ್ ಬೈ ಲೇ.ಐಡಿ, ತುಂಡು.ವಿ;

ಜೆಸನ್ ಜಾಗಗಳನ್ನು ಲೆಕ್ಕಿಸುವುದಿಲ್ಲವಾದ್ದರಿಂದ 104 ತಾನಾಗಿ ಸರಿಹೋಗುತ್ತದೆ. ಖಾಲಿ ಪಟ್ಟಿಗೂ ನಲ್‌ಗೂ ಸಾಲೇ ಹುಟ್ಟುವುದಿಲ್ಲ. ಜೋಡಿ ಕಾಮಾ, ಬಾಲದ ಕಾಮಾ, 007ರಂಥ ಮುಂಸೊನ್ನೆ ಇದ್ದರೆ ಜೆಸನ್ ಸರಿಯಿಲ್ಲ ಎಂದು ಇಡೀ ಕ್ವೆರಿ ನಿಲ್ಲುತ್ತದೆ. ಅದು ಒಳ್ಳೆಯದೇ, ಕೊಳಕು ಮುಚ್ಚಿಟ್ಟು ಮುಂದೆ ಹೋಗುವುದಕ್ಕಿಂತ. ಕೊನೆಯ ಜಾಯಿನ್ ಇಲ್ಲದೆಯೂ ಒಮ್ಮೆ ಓಡಿಸಿ, ವಿಷಯ ಟೇಬಲ್ಲಿನಲ್ಲಿ ಇಲ್ಲದ ಅನಾಥ ಐಡಿಗಳು ಎಷ್ಟಿವೆ ಎಂದು ಎಣಿಸಿಕೊಳ್ಳಿ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರಿಂದ ಸ್ಟ್ರಿಂಗ್_ಸ್ಪ್ಲಿಟ್ ಇದೆ, ಆದರೆ ಡೇಟಾಬೇಸಿನ ಕಂಪ್ಯಾಟಿಬಿಲಿಟಿ ಲೆವೆಲ್ 130 ಆದರೂ ಇರಬೇಕು. "ಹೊಸ ಸರ್ವರ್ ಆದರೂ ಫಂಕ್ಷನ್ ಇಲ್ಲ ಅಂತಿದೆ" ಎಂದರೆ ಕಾರಣ ಆ ಲೆವೆಲ್. ಕ್ರಮಸಂಖ್ಯೆ ಕೇಳುವ ಅವಕಾಶ 2022ರಲ್ಲಷ್ಟೇ ಬಂತು, ಅದಕ್ಕೂ ಮುಂಚಿನದರಲ್ಲಿ ಕ್ರಮಕ್ಕೆ ಖಾತ್ರಿಯಿಲ್ಲ. ಒರಾಕಲ್‌ನಲ್ಲಿ ಕನೆಕ್ಟ್ ಬೈ ಲೆವೆಲ್ ಜೊತೆ ರೆಜೆಕ್ಸ್ ಹಾಕಿ ಬಿಡಿಸುವ ತಂತ್ರ ಒಂದೇ ಸಾಲಿನ ಮೇಲೆ ಚೆನ್ನಾಗಿ ನಡೆಯುತ್ತದೆ, ಇಡೀ ಟೇಬಲ್ಲಿಗೆ ಹಾಗೇ ಹಚ್ಚಿದರೆ ಸಾಲುಗಳು ಗುಣಾಕಾರವಾಗಿ ಬೆಳೆದು ಕ್ವೆರಿ ಮುಗಿಯುವುದೇ ಇಲ್ಲ.

ಬಿಡಿಸಿದ ಮೇಲೆ ಲೆಕ್ಕ ಹೊಂದಿಸಿ. ಹಳೆಯ ಕಾಲಂನಲ್ಲಿ ಖಾಲಿ ಅಲ್ಲದ ಸಾಲುಗಳ ಕಾಮಾ ಎಣಿಕೆಗೆ ಒಂದೊಂದು ಕೂಡಿಸಿದರೆ ನಮಗೆ 8. ಹೊಸ ಟೇಬಲ್ಲಿನಲ್ಲೂ 8 ಇರಬೇಕು. ಕಡಿಮೆ ಬಂದರೆ ಆ ವ್ಯತ್ಯಾಸ ಪುನರಾವರ್ತನೆಯಾದ ಮೌಲ್ಯಗಳೋ ಅನಾಥ ಐಡಿಗಳೋ ಎಂದು ಒಂದೊಂದಕ್ಕೂ ಲೆಕ್ಕ ಸಿಗಬೇಕು. ಸಿಗದ ಒಂದೇ ಒಂದು ಉಳಿದರೂ ಮುಂದೆ ಹೋಗಬೇಡಿ.

ಹಳೆಯ ಕಾಲಂ ಓದುವ ವರದಿಗಳು ಯಾವ ಮೂಲೆಯಲ್ಲಿ ಕೂತಿವೆಯೋ ಗೊತ್ತಿಲ್ಲವಾದರೆ, ಅದೇ ಆಕಾರದ ಪಟ್ಟಿಯನ್ನು ಗ್ರೂಪ್_ಕಾನ್‌ಕ್ಯಾಟ್‌ನಿಂದ ಕಟ್ಟಿಕೊಡುವ ವ್ಯೂ (ಟೇಬಲ್ಲಿನಂತೆ ಕಾಣುವ ಉಳಿಸಿಟ್ಟ ಕ್ವೆರಿ) ಒಂದನ್ನು ಇಡಿ. 1024ರ ಮಿತಿಯನ್ನು ಆಗಲೇ ಏರಿಸಿಕೊಳ್ಳಿ, ಇಲ್ಲವಾದರೆ ಬಿಟ್ಟುಬಂದ ದೋಷವೇ ಹಿಂಬಾಗಿಲಿನಿಂದ ಬಂದುಬಿಡುತ್ತದೆ. ಕಾಲಂ ಅನ್ನು ಒಮ್ಮೆಲೇ ಡ್ರಾಪ್ ಮಾಡಬೇಡಿ, ಮೊದಲು ಹೆಸರು ಬದಲಿಸಿ ಒಂದು ತಿಂಗಳು ಕಾಯಿರಿ. ತಿಂಗಳ ಕೊನೆಗೊಮ್ಮೆ ಮಾತ್ರ ಓಡುವ ವರದಿಯೊಂದು ಎಲ್ಲೋ ಇದ್ದರೆ ಆ ಒಳಗೆ ಎರರ್ ಕೊಟ್ಟು ತಾನೇ ವಿಳಾಸ ಹೇಳುತ್ತದೆ.